ಕುಂದಗೋಳದ ವಾಡೆಯಲ್ಲಿ ಕಳೆದ ಇರುಳುಗಳು

ಕಳೆದ ತಿಂಗಳ ಸಂಚಿಕೆಯಲ್ಲಿ ಮಕ್ಕಳ ಕೈಬರಹದ ವಿಷಯವಾಗಿ ನಾವು ಬರೆದ ನಾಲ್ಕು ಮಾತುಗಳನ್ನು ಓದಿ, ಕಲಘಟಗಿಯ ಕಡೆಯ ಸೋದರಿಯೊಬ್ಬರು ನಮಗೆ ಪತ್ರ ಬರೆದಿರುವರು. ತಮ್ಮ ಮಗಳಿಗೆ ಹಾಡಿನಲ್ಲಿ ಬಹಳ ಆಸಕ್ತಿಯಿರುವದೆಂದೂ, ಆದರೆ ಅವಳು ಈ ವರ್ಷ ಒಂಬತ್ತನೆಯ ಇಯತ್ತೆಗೆ ಬಂದಿರುವದರಿಂದ ಸಂಗೀತದ ಪಾಠವನ್ನು ಬಿಡಿಸಬೇಕೆಂದು ಮನೆಯ ಹಿರಿಯರು ಹೇಳುತ್ತಿರುವರೆಂದೂ, ಈ ಬಗೆಗೆ ನಮ್ಮ ಅಭಿಪ್ರಾಯವೇನೆಂದೂ ಅವರು ಕೇಳಿದ್ದಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಾಗಿತ್ತು. ಆದರೆ ಮೂವತ್ತೈದು ವರ್ಷಗಳ ಕಾಲ ಸಂಸ್ಕೃತದ ಪಾಠ ಹೇಳಿದವರಿಗೆ ಒಂದು ಚಟವಿರುವದು. ಸೂತ್ರವನ್ನು ಹೇಳಿದ ಮೇಲೆ ಉದಾಹರಣೆಯನ್ನು ಕೊಡದೆ ಅವರಿಗೆ ಸಮಾಧಾನವಾಗದು. ಈ ಸಲದ ಉದಾಹರಣೆಯು ನಮ್ಮ ಮನೆಯದೇ ಆಗಿದೆ. ಅದನ್ನು ಹೇಳಬೇಕಾದರೆ ವಾಚಕರನ್ನು ಮೊದಲು ಕುಂದಗೋಳಕ್ಕೆ ಕರೆದೊಯ್ಯಬೇಕು.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ, ಬೆಂಗಳೂರ ಹಾದಿಯ ರೈಲಿನಲ್ಲಿ ಹೊರಟರೆ ಸುಮಾರು ಇಪ್ಪತ್ತು ಕಿಲೋಮೀಟರುಗಳ ಮೇಲೆ ಕುಂದಗೋಳವು ಬರುವದು. ಸುತ್ತಲೂ ಎರೆಭೂಮಿ, ಹತ್ತಿ, ಮೆಣಸಿನಕಾಯಿ, ಶೇಂಗಾ ಬೆಳೆಯುವ ಸೀಮೆ. ಊರೊಳಗೆ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವಿದೆ. ೧೯೪೮ರವರೆಗೆ ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನೋಡಿದವರಿಗೆ ನಮ್ಮ ನಾಡಿನ ಹತ್ತು ಊರುಗಳಂತೆ ಇದೂ ಒಂದು. ಆದರೆ ಹಿಂದುಸ್ತಾನಿ ಸಂಗೀತವನ್ನು ಬಲ್ಲವರು ಕಲಕತ್ತೆಯಲ್ಲಿರಲಿ, ಮುಂಬಯಿಯಲ್ಲಿರಲಿ, ಕುಂದಗೋಳದ ಹೆಸರನ್ನು ಕೇಳಿದೊಡನೆ ಕೈ ಜೋಡಿಸುವರು. ಅದಕ್ಕೆ ಕಾರಣವಾದದ್ದು ಅಲ್ಲಿಯ ನಾಡಗೀರ ಮನೆತನದ ವಾಡೆ.

ಈ ಮನೆತನದಲ್ಲಿ ಗುಮಾಸ್ತರಾಗಿದ್ದವರ ಮಗನಾಗಿ ೧೮೮೬ರಲ್ಲಿ ಹುಟ್ಟಿದವರು ರಾಮಭಾವೂ ಕುಂದಗೋಳಕರ. ಉತ್ತರದ ಕಿರಾಣಾ ಎಂಬ ಊರಿನ ಗಾಯಕ ಮನೆತನಕ್ಕೆ ಸೇರಿದ ಖಾನಸಾಹೇಬ ಅಬ್ದುಲ್ ಕರೀಮ್ ಖಾನರು ನಮ್ಮ ಪ್ರಾಂತಕ್ಕೆ ಬಂದಾಗ ನಾಡಗೀರರ ಆತಿಥ್ಯವನ್ನು ಸ್ವೀಕರಿಸುತ್ತಿದ್ದರು. ರಾಮಭಾವೂ ಅವರ ಶಿಷ್ಯರಾದರು. ಮುಂದೆ ಮರಾಠಿ ನಾಟಕರಂಗದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ಹಾಡಿ ಪ್ರಖ್ಯಾತರಾದರು. ಆಗ ರಂಗದ ಮೇಲೆ ಬಾಲಗಂಧರ್ವರ ಹೆಸರು ಮೆರೆಯುತ್ತಿತ್ತು. ಇವರು ಗಂಧರ್ವನಿಗಿಂತಲೂ ಕಾಲು ಪಾಲು ಹೆಚ್ಚೆಂದು ರಸಿಕರು ಇವರನ್ನು ‘ಸವಾಯಿ ಗಂಧರ್ವ’ ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ೧೯೪೨ರಲ್ಲಿ ಲಕ್ವ ಹೊಡೆದು ಇವರ ಹಾಡು ನಿಂತಿತು. ೧೯೫೨ನೆಯ ಸಪ್ಟೆಂಬರ ೧೨ರಂದು ಪುಣೆಯಲ್ಲಿ ಇವರು ತೀರಿಕೊಂಡರು. ಅವರ ಪುಣ್ಯತಿಥಿಯ ನಿಮಿತ್ತವಾಗಿ ನಾಡಗೀರರ ವಾಡೆಯಲ್ಲಿ ವರ್ಷಕ್ಕೊಮ್ಮೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಶ್ರದ್ಧೆಯಿಂದ ಮಾಡಿದ್ದೇ ಶ್ರಾದ್ಧವೆಂದು ನಾವು ತರಗತಿಯಲ್ಲಿ ವ್ಯುತ್ಪತ್ತಿ ಹೇಳುತ್ತಿದ್ದೆವು; ಅದರ ಅರ್ಥವನ್ನು ಕಣ್ಣಾರೆ ಕಂಡದ್ದು ಆ ವಾಡೆಯಲ್ಲಿ.

ನಾವು ಅಲ್ಲಿಗೆ ಮೊದಲು ಹೋದದ್ದು ೧೯೭೭ರಲ್ಲಿ. ಆಗ ನಮಗೆ ಹದಿನಾಲ್ಕು ವರ್ಷ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಒಂದು ಗಾಡಿ, ಅಲ್ಲಿಂದ ಕುಂದಗೋಳಕ್ಕೆ ಇನ್ನೊಂದು. ಬುತ್ತಿಯ ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನಮ್ಮ ತಂದೆಯವರು ಒಕ್ಕಲುತನದ ಮನೆಯವರಾದರೂ ಸಂಗೀತವೆಂದರೆ ಬಿತ್ತಿಗೆಯನ್ನಾದರೂ ಒಂದು ದಿನ ಮುಂದೆ ಹಾಕುವರು. ವಾಡೆಯ ದೊಡ್ಡ ಬಾಗಿಲನ್ನು ದಾಟಿ ಒಳಗೆ ಹೋದರೆ ಕಟ್ಟಿಗೆಯ ಕಂಬಗಳು. ಅವುಗಳ ನಡುವೆ ಹಾಸಿದ ಜಮಖಾನೆಗಳು. ಗಾಯಕರು ಕೂಡ್ರುವ ಸ್ಥಳದಲ್ಲಿ ಗುರುಗಳ ಭಾವಚಿತ್ರ, ಅದಕ್ಕೊಂದು ಹೂವಿನ ಮಾಲೆ. ಟಿಕೀಟು ಇಲ್ಲ, ಕುರ್ಚಿಯಿಲ್ಲ. ಹುಬ್ಬಳ್ಳಿಯ ವಕೀಲರ ಪಕ್ಕದಲ್ಲಿ ಸಂಶಿಯ ರೈತನು ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನು.

ಇಬ್ಬರು ತಂಬೂರಿಗಳನ್ನು ಶ್ರುತಿಮಾಡಹತ್ತಿದರು. ಬಿರಡೆಯನ್ನು ತಿರುವುವರು, ಕಿವಿಯನ್ನು ಸೋರೆಬುರುಡೆಗೆ ಹಚ್ಚುವರು, ಕುದುರೆಯ ಮೇಲಿನ ದಾರವನ್ನು ಕೂದಲೆಳೆಯಷ್ಟು ಸರಿಸುವರು, ಮತ್ತೆ ಮೀಟುವರು. ಬಹಳ ಹೊತ್ತಾಯಿತು. ನಾವು ತಂದೆಯವರ ಕಿವಿಯಲ್ಲಿ, “ಅಪ್ಪಾ, ಇದ ಹಾಡೇನು?” ಎಂದು ಕೇಳಿದೆವು. ಅವರು ನಗಲಿಲ್ಲ. “ಇದು ಹಾಡಿನ ನೆಲಾ. ಹದಾ ಬರೂತನಕ ಬಿತ್ತಬಾರದು,” ಎಂದರು. ಕಿರಾಣಾ ಘರಾಣೆಯ ತತ್ತ್ವವನ್ನು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಓದಿದೆವು. ರಾಗದ ಒಂದೊಂದು ಸ್ವರವನ್ನೂ ನಿಧಾನವಾಗಿ, ಶುದ್ಧವಾಗಿ, ಅದರ ನೆಲೆಯಲ್ಲಿಯೇ ನಿಲ್ಲಿಸಿ ಬೆಳೆಸುವದೇ ಆ ಪದ್ಧತಿಯ ಜೀವಾಳ. ತಾನೇ ಬೆಳಗುವದರಿಂದ ಅದಕ್ಕೆ ಸ್ವರವೆಂಬ ಹೆಸರೆಂದು ವೈಯಾಕರಣರು ಹೇಳುವರು. ಆದರೆ ನಮ್ಮ ತಂದೆಯವರ ಆ ಒಂದು ಮಾತಿನಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ನಮಗೆ ಹೇಳಲಿಲ್ಲ.

ಆ ರಾತ್ರಿ ಎರಡನೆಯ ಪ್ರಹರಕ್ಕೇ ನಾವು ನಿದ್ದೆಹೋದೆವೆಂಬುದನ್ನು ಮುಚ್ಚಿಡುವದಿಲ್ಲ. ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು; ಯಾರೋ ಭೈರವಿಯನ್ನು ಹಾಡುತ್ತಿದ್ದರು; ತಂದೆಯವರ ಶಲ್ಯವು ನಮ್ಮ ಮೈಮೇಲೆ ಇತ್ತು, ಅವರು ಬರಿಯ ಅಂಗಿಯಲ್ಲಿ ಕೂತ ಜಾಗದಿಂದ ಕದಲದೆ ಇದ್ದರು.

ಮುಂದೆ ನವಲಗುಂದ ತಾಲೂಕಿನ ಹಳ್ಳಿಯೊಂದರ ಹಾಯಸ್ಕೂಲಿನಲ್ಲಿ ನಮಗೆ ನೌಕರಿ ದೊರೆಯಿತು. ಮದುವೆಯಾಯಿತು, ಮಗಳು ಹುಟ್ಟಿದಳು. ಕುಂದಗೋಳದ ಯಾತ್ರೆ ಮಾತ್ರ ತಪ್ಪಲಿಲ್ಲ. ಸವಾಯಿ ಗಂಧರ್ವರ ಶಿಷ್ಯರನ್ನು ಕೇಳುವ ಭಾಗ್ಯ ನಮ್ಮದಾಯಿತು. ಗದುಗಿನ ಕಡೆಯ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿಹೋಗಿ, ಗ್ವಾಲೇರ, ಕಲಕತ್ತೆ, ಜಾಲಂಧರ ಎಂದು ಉತ್ತರ ದೇಶವನ್ನೆಲ್ಲ ತಿರುಗಿ, ಕೊನೆಗೆ ೧೯೩೬ರಲ್ಲಿ ಗುರುವನ್ನು ಕಂಡದ್ದು ತಮ್ಮ ಮನೆಯ ಸಮೀಪದ ಈ ಕುಂದಗೋಳದಲ್ಲಿಯೇ. ಗುರುಗೃಹದಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ತೋಡಿ, ಮುಲತಾನಿ, ಪೂರಿಯಾ ಎಂಬ ರಾಗಗಳನ್ನು ವರ್ಷಗಟ್ಟಲೆ ತಿದ್ದಿದವರು ಅವರು. ಗುರುಗಳ ಹೆಸರಿನಿಂದ ಅವರು ಪುಣೆಯಲ್ಲಿ ೧೯೫೩ರಿಂದ ನಡೆಯಿಸಿದ ಮಹೋತ್ಸವಕ್ಕೆ ಸಾವಿರಗಟ್ಟಲೆ ಜನ ಸೇರುವರು. ಕುಂದಗೋಳದ್ದು ಮನೆಯ ಹಬ್ಬ. ಇದೇ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಗವಾಯಿ ಪಂಚಾಕ್ಷರಿಗಳ ಶಿಷ್ಯರಾಗಿದ್ದೂ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡವರೇ.

ಒಂದು ವರ್ಷ ಮಳೆಯು ಹಿಡಿದುಕೊಂಡು, ಹಾಡು ನಡೆದಿರುವಾಗಲೇ ವಿದ್ಯುತ್ತು ಹೋಯಿತು. ದೀಪಗಳಾರಿದವು, ಧ್ವನಿವರ್ಧಕವು ಮೂಕವಾಯಿತು. ಗಾಯಕರು ನಿಲ್ಲಿಸಲಿಲ್ಲ. ಕತ್ತಲೆಯಲ್ಲಿ ಜನರು ಕೂತಲ್ಲಿಂದಲೇ ಸದ್ದಿಲ್ಲದೆ ಮುಂದೆ ಮುಂದೆ ಸರಿದರು. ಯಾರೋ ಒಂದು ಕಂದೀಲನ್ನು ತಂದಿಟ್ಟರು. ಆಗ ನಮಗೆ ತಿಳಿಯಿತು, ಈ ಸಂಗೀತವು ಹುಟ್ಟಿದ್ದು ಇಷ್ಟೇ ಅಂತರದಲ್ಲಿ ಕೂತವರಿಗಾಗಿ ಎಂದು. ಹೊರಗೆ ಮಳೆ, ಒಳಗೆ ಬಾಗೇಶ್ರೀ. ಅರ್ಧ ತಾಸಿನ ಮೇಲೆ ದೀಪಗಳು ಮತ್ತೆ ಹತ್ತಿದಾಗ ಸಭೆಯಲ್ಲಿ ಹಲವರಿಗೆ ಬೇಸರವೇ ಆಯಿತು.

ಇನ್ನು ಮನೆಯ ಮಾತಿಗೆ ಬರುವೆವು.

ನಮ್ಮ ಮಗಳು ೧೯೮೭ರಲ್ಲಿ ಹುಟ್ಟಿದವಳು. ಅವಳ ಕಂಠವು ಚೆನ್ನಾಗಿತ್ತು. ಹತ್ತು ವರ್ಷದವಳಿದ್ದಾಗ ಸಂಗೀತದ ಪಾಠಕ್ಕೆ ಹಚ್ಚಿದೆವು. ೧೯೯೯ರಲ್ಲಿ ಮಿರಜಕ್ಕೆ ಹೋಗಿ, ಎರಡು ತಿಂಗಳ ಪಗಾರವನ್ನು ಸುರಿದು ಒಂದು ತಂಬೂರಿಯನ್ನು ತಂದೆವು. ನಸುಕಿನಲ್ಲಿ ಅವಳು ಷಡ್ಜವನ್ನು ಹಿಡಿದು ಕೂತರೆ, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವು ತಾನಾಗಿಯೇ ಸಣ್ಣದಾಗುತ್ತಿತ್ತು. ಪ್ರತಿವರ್ಷ ಅವಳೂ ನಮ್ಮೊಡನೆ ಕುಂದಗೋಳಕ್ಕೆ ಬರುತ್ತಿದ್ದಳು, ನಮ್ಮಂತೆ ನಿದ್ದೆಹೋಗುತ್ತಿರಲಿಲ್ಲ.

೨೦೦೨ರ ಜೂನಿನಲ್ಲಿ ಅವಳು ಹತ್ತನೆಯ ಇಯತ್ತೆಗೆ ಬಂದಳು. ಪರೀಕ್ಷೆಯ ವರ್ಷವೆಂದು ನಾವು ಪಾಠವನ್ನು ಬಿಡಿಸಿದೆವು. ಅವಳಿಗೂ, ಮನೆಯವರಿಗೂ ಹೇಳಿದ ಕಾರಣ ಇದು. ಆದರೆ ಈ ಪ್ರಾಯದಲ್ಲಿ ವಾಚಕರ ಮುಂದೆ ಸುಳ್ಳು ಹೇಳುವದು ತರವಲ್ಲ. ಆ ಬೇಸಿಗೆಯ ಒಂದು ಮದುವೆಯಲ್ಲಿ ಬೀಗರ ಪೈಕಿ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, “ಮಾಸ್ತರ, ಹುಡುಗಿ ಛಲೋ ಹಾಡತಾಳ. ಆದರ ನಾಲ್ಕು ಮಂದಿ ಮುಂದ ಕೂಡ್ರಿಸಿ ಹಾಡಸಬ್ಯಾಡ್ರಿ. ನಾಳೆ ಸಂಬಂಧಾ ನೋಡೂ ಮುಂದ ಮಾತು ಬರತಾವು,” ಎಂದಿದ್ದರು. ಆ ಮಾತು ನಮ್ಮೊಳಗೆ ಮುಳ್ಳಾಗಿ ಕೂತಿತ್ತು. ಪರೀಕ್ಷೆಯು ನೆವವಾಯಿತು. ಮಗಳು ಎದುರಾಡಲಿಲ್ಲ. ತಂಬೂರಿಗೆ ಗಲೀಫು ತೊಡಿಸಿ ಅಟ್ಟದ ಮೇಲೆ ಇಡಿಸಿದೆವು.

ಆ ವರ್ಷವೂ ಕುಂದಗೋಳಕ್ಕೆ ಹೋದೆವು. ಮಧ್ಯರಾತ್ರಿಯ ಮೇಲೆ ಗಂಗೂಬಾಯಿ ಹಾನಗಲ್ ಅವರು ಹಾಡಲು ಬಂದು ಕೂತರು. ಅವರಿಗಾಗ ೮೯ ವರ್ಷ. ಬದಿಯಲ್ಲಿ ಅವರ ಮಗಳು ಕೃಷ್ಣಾ ಅವರು. ತಾಯಿ ಗುರುಗಳ ಭಾವಚಿತ್ರಕ್ಕೆ ನಮಸ್ಕರಿಸಿ ಕಣ್ಣು ಮುಚ್ಚಿದರು. ಚಂದ್ರಕಂಸವನ್ನು ಎತ್ತಿಕೊಂಡರು. ಮಾಲಕಂಸದ ಕೋಮಲ ನಿಷಾದವನ್ನು ತೆಗೆದು ಶುದ್ಧ ನಿಷಾದವನ್ನಿಟ್ಟರೆ ಈ ರಾಗವಾಗುವದೆಂದು ಹೇಳುವದು ಸುಲಭ; ಆ ಒಂದು ನಿಷಾದವು ಷಡ್ಜದ ಹೊಸ್ತಿಲಲ್ಲಿ ನಿಂತು ಒಳಗೆ ಬರದೆ ತಡೆದರೆ ಕೇಳುವವರ ಉಸಿರು ಹೇಗೆ ನಿಲ್ಲುವದೆಂಬುದನ್ನು ಅಂದು ಕಂಡೆವು. ತಾಯಿಯ ಉಸಿರು ಕುಂದಿದಲ್ಲಿ ಮಗಳ ದನಿಯು ಬಂದು ಸ್ವರವನ್ನು ಹಿಡಿಯುತ್ತಿತ್ತು. ಮಗಳು ಹಿಡಿದುಕೊಟ್ಟದ್ದನ್ನು ತಾಯಿ ಮತ್ತೆ ಎತ್ತಿಕೊಂಡು ಮೇಲಕ್ಕೊಯ್ಯುವರು. ತಾಯಿಯ ದನಿ ಎಲ್ಲಿ ಮುಗಿಯಿತು, ಮಗಳದು ಎಲ್ಲಿ ಮೊದಲಾಯಿತು ಎಂಬುದು ತಿಳಿಯುತ್ತಿರಲಿಲ್ಲ.

ನಮ್ಮ ಮಗಳು ನಮ್ಮ ತೋಳಿಗೆ ಒರಗಿ ಕೂತಿದ್ದಳು. ದ್ರುತ ಮೊದಲಾಗುವ ಮುನ್ನ ಅವಳು ಮೆಲ್ಲಗೆ ಕೇಳಿದಳು: “ಅಪ್ಪಾ, ಇವರಿಗೆ ಹಾಡಬ್ಯಾಡಾ ಅಂತ ಯಾರೂ ಅನ್ನಲಿಲ್ಲೇನು?”

ನಮಗೆ ಉತ್ತರವು ಗೊತ್ತಿತ್ತು. ಧಾರವಾಡದ ಓಣಿಗಳಲ್ಲಿ ಗಂಗೂಬಾಯಿಯವರು ನಡೆದುಹೋಗುವಾಗ ಜನರು ಹಾಡುವವಳೆಂದು ಚೇಷ್ಟೆ ಮಾಡುತ್ತಿದ್ದರೆಂಬುದೂ, ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆಯನ್ನು ಹಾಡಿದ ಆ ಬಾಲೆಗೆ ತನ್ನ ಜಾತಿಯ ಕಾರಣದಿಂದ ಅಲ್ಲಿ ಎಂಜಲು ಬಳಿಯಲು ಹೇಳುವರೇನೋ ಎಂಬ ಅಂಜಿಕೆ ಇದ್ದಿತೆಂಬುದೂ ಗೊತ್ತಿತ್ತು. ಹುಬ್ಬಳ್ಳಿಯಿಂದ ಇದೇ ಕುಂದಗೋಳಕ್ಕೆ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಇರುಳಿನಲ್ಲಿ ಮರಳುತ್ತಿದ್ದರೆಂಬುದೂ, ಸ್ಟೇಶನ್ನಿನವರೆಗೆ ಕಳುಹಲು ಹುಡುಗ ಭೀಮಸೇನರು ಜೊತೆಗೆ ಬರುತ್ತಿದ್ದರೆಂಬುದೂ ಗೊತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಿಂದ ದನಿಯು ಗಡುಸಾದರೂ, ಆ ದನಿಯನ್ನೇ ತಮ್ಮ ಸಂಪತ್ತನ್ನಾಗಿ ಮಾಡಿಕೊಂಡವರು ಅವರು. ಇದನ್ನೆಲ್ಲ ಹೇಳಿದ್ದರೆ, “ಹಾಗಾದರೆ ನನಗೇಕೆ ಬಿಡಿಸಿದಿರಿ?” ಎಂಬುದೇ ಮುಂದಿನ ಪ್ರಶ್ನೆಯಾಗುತ್ತಿತ್ತು.

ನಾವು, “ಆ ಕಾಲಾನ ಬ್ಯಾರೆ ಇತ್ತವ್ವಾ,” ಎಂದುಬಿಟ್ಟೆವು.

ಅವಳು ಮತ್ತೇನೂ ಕೇಳಲಿಲ್ಲ. ತೋಳಿಗೆ ಒರಗಿದ ತಲೆಯನ್ನು ತೆಗೆದು ನೆಟ್ಟಗೆ ಕೂತಳು.

ಕಥೆಗಳಲ್ಲಿಯಾದರೆ ಮರುದಿನ ಬೆಳಿಗ್ಗೆ ತಂದೆಯ ಮನಸ್ಸು ಕರಗಿ ತಂಬೂರಿಯು ಅಟ್ಟದಿಂದ ಇಳಿಯಬೇಕು. ನಮ್ಮ ಮನೆಯಲ್ಲಿ ಅದು ಇಳಿಯಲಿಲ್ಲ. ನಾವು ಹಟವಾದಿಗಳು, ಮೇಲಾಗಿ ಮಾಸ್ತರರು. ೨೦೦೩ರ ಪರೀಕ್ಷೆಯಲ್ಲಿ ಅವಳಿಗೆ ಸಂಸ್ಕೃತದಲ್ಲಿ ೧೨೫ಕ್ಕೆ ೧೨೧ ಗುಣಗಳು ಬಂದವು. ಊರಿನ ತುಂಬ ಪೇಢೆ ಹಂಚಿದೆವು. ಆ ಅಂಕಪಟ್ಟಿಯು ಈಗ ಯಾವ ಪೆಟ್ಟಿಗೆಯಲ್ಲಿದೆಯೋ ನಮಗೆ ನೆನಪಿಲ್ಲ. ಅವಳು ಮುಂದೆ ಓದಿ ಬೆಂಗಳೂರಿನಲ್ಲಿ ನೌಕರಿಗೆ ನಿಂತಳು. ಅನುಕೂಲವಾದ ಮನೆಯನ್ನು ಸೇರಿದಳು. ಮದುವೆಯ ಮಾತುಕತೆಗೆ ಬಂದ ಅಳಿಯಂದಿರ ತಾಯಿಯವರು ಮೊದಲು ಕೇಳಿದ್ದು, “ಹಾಡಲಿಕ್ಕೆ ಬರತದೇನವಾ?” ಎಂದು. “ಬರತಿತ್ರಿ,” ಎಂದಳು ಮಗಳು. ಆ ಭೂತಕಾಲದ ಪ್ರತ್ಯಯವು ನಮ್ಮನ್ನು ಇರಿದಷ್ಟು, ಬೀಗರ ಮಾತಿನ ಮುಳ್ಳು ಇರಿದಿರಲಿಲ್ಲ.

ಕೃಷ್ಣಾ ಹಾನಗಲ್ ಅವರು ೨೦೦೪ರಲ್ಲಿ ತೀರಿಕೊಂಡರು. ಮಗಳ ದನಿಯ ಆಸರೆಯಿಲ್ಲದೆ ತಾಯಿ ಮತ್ತೂ ಎರಡು ವರ್ಷ ಸಭೆಗಳಲ್ಲಿ ಹಾಡಿದರು. ೨೦೦೯ರ ಜುಲೈ ೨೧ರಂದು ಹುಬ್ಬಳ್ಳಿಯಲ್ಲಿ ಅವರೂ ಹೋದರು. ಭಾರತರತ್ನ ಭೀಮಸೇನ ಜೋಶಿಯವರು ೨೦೧೧ರ ಜನವರಿ ೨೪ರಂದು ಪುಣೆಯಲ್ಲಿ ತೀರಿಕೊಂಡರು. ಗುರುಗಳಲ್ಲಿ ಕಲಿತ ಆ ಪೀಳಿಗೆಯನ್ನು ಎದುರಿಗೆ ಕೂತು ಕೇಳುವ ಯೋಗವು ಇನ್ನಿಲ್ಲ. ವಾಡೆಯ ಹಬ್ಬವು ಮಾತ್ರ ನಡೆದಿದೆ. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಬಂದು ಹಾಡುವರು.

೨೦೨೩ರಲ್ಲಿ ನಾವು ನಿವೃತ್ತರಾದೆವು. ಹೊತ್ತು ಹೋಗದಾಗ ಒಂದು ದಿನ ಅಟ್ಟವನ್ನು ಹತ್ತಿ ಗಲೀಫನ್ನು ಬಿಚ್ಚಿ ನೋಡಿದೆವು. ತಂತಿಗಳು ತುಕ್ಕುಹಿಡಿದಿದ್ದವು, ಬುರುಡೆಯ ಮೇಲೆ ಒಂದು ಗೇಣುದ್ದದ ಬಿರುಕು ಬಿಟ್ಟಿತ್ತು. ಹೊತ್ತುಕೊಂಡು ಮಿರಜಕ್ಕೆ ಹೋದೆವು. ರಿಪೇರಿ ಮಾಡುವ ಮುದುಕರು ಬುರುಡೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಕೂಡಸತೇನ್ರಿ, ಆದರ ಗೆರಿ ಉಳೀತದ,” ಎಂದರು. ಗೆರೆಯು ಉಳಿದಿದೆ. ನಾದವೂ ಉಳಿದಿದೆ.

ಮರುವರ್ಷ ಮಗಳು ಎಂಟು ವರ್ಷದ ತನ್ನ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಪಡಸಾಲೆಯಲ್ಲಿ ತಂಬೂರಿಯನ್ನು ಕಂಡು ಬಹಳ ಹೊತ್ತು ಸುಮ್ಮನೆ ನಿಂತಳು. ಆಗ ನಾವು ಇಪ್ಪತ್ತೆರಡು ವರ್ಷ ತಡವಾಗಿ ಅವಳ ಪ್ರಶ್ನೆಗೆ ಉತ್ತರ ಕೊಟ್ಟೆವು: “ಅಂದಿದ್ದರವ್ವಾ. ಅವರಿಗೂ ಬ್ಯಾಡಾ ಅಂದವರು ಬಹಳ ಮಂದಿ ಇದ್ದರು. ನಿನಗ ಅಂದಾಂವಾ ನಾ ಒಬ್ಬನ.” ಅವಳು ಯಾವ ಪ್ರಶ್ನೆಯೆಂದು ಕೇಳಲಿಲ್ಲ, ಮರೆತಿರಲಿಲ್ಲವೆಂದು ಅದರಿಂದ ತಿಳಿಯಿತು. ಕೆಳಗೆ ಕೂತು ಬಿರಡೆಗಳನ್ನು ತಿರುವಹತ್ತಿದಳು. ಷಡ್ಜವನ್ನು ಹಿಡಿದಳು; ದನಿಯು ಒಡೆಯಿತು. ಮತ್ತೆ ಹಿಡಿದಳು. ಹಳೆಯ ಕಂಠವು ಬರಲಿಲ್ಲ. ಅದು ಇನ್ನು ಬರುವದಿಲ್ಲವೆಂದು ಅವಳಿಗೂ ನಮಗೂ ಗೊತ್ತಿದೆ. ಮೊಮ್ಮಗಳು ಎದುರಿಗೆ ಕೂತು, “ಅವ್ವಾ, ಹಾಡು ಯಾವಾಗ ಸುರು ಆಗತದ?” ಎಂದು ಕೇಳಿತು. ಮಗಳು ನಮ್ಮ ಮುಖವನ್ನು ನೋಡಿದಳು. ನಾವು ನಮ್ಮ ತಂದೆಯವರ ಮಾತನ್ನೇ ಮೊಮ್ಮಗಳಿಗೆ ಹೇಳಿದೆವು.

ಆ ವರ್ಷ ಮೂವರೂ ಕೂಡಿ ಕುಂದಗೋಳಕ್ಕೆ ಹೋಗಿ ಬಂದೆವು. ಎರಡನೆಯ ಪ್ರಹರಕ್ಕೆ ಮೊಮ್ಮಗಳು ನಿದ್ದೆಹೋದಳು. ನಮ್ಮ ಶಲ್ಯವು ಅವಳ ಮೇಲೆ ಇತ್ತು.

ಕಲಘಟಗಿಯ ಸೋದರಿಯವರೇ, ಇದು ನಮ್ಮ ಉತ್ತರ. ಮಗಳ ಪಾಠವನ್ನು ಬಿಡಿಸಬೇಡಿರಿ. ದಿನಕ್ಕೆ ಅರ್ಧ ತಾಸು ತಂಬೂರಿಯ ಮುಂದೆ ಕೂಡ್ರುವದರಿಂದ ಪರೀಕ್ಷೆ ಕೆಡದು. ಚಿತ್ತವನ್ನು ಒಂದು ಸ್ವರದ ಮೇಲೆ ನಿಲ್ಲಿಸಲು ಕಲಿತ ಮಗುವು ಪುಸ್ತಕದ ಮೇಲೆಯೂ ನಿಲ್ಲಿಸುವದು. ಹಿರಿಯರಿಗೆ ಈ ಪುಟವನ್ನು ಓದಿ ಹೇಳಿರಿ. ಮಂದಿಯ ಮಾತಿಗೆ ಅಂಜುತ್ತಿದ್ದರೆ, ಮಂದಿಯು ಆಡಿದ್ದನ್ನು ಮಂದಿಯೇ ಮರೆಯುವರೆಂದೂ, ಮಗಳು ಮರೆಯುವದಿಲ್ಲವೆಂದೂ ಅವರಿಗೆ ತಿಳಿಸಿರಿ.

ಇತರ ವಾಚಕರಿಗೂ ಒಂದು ಬಿನ್ನಹ. ವರ್ಷದಲ್ಲಿ ಒಂದು ರಾತ್ರಿಯನ್ನಾದರೂ ಮಕ್ಕಳೊಡನೆ ಇಂಥ ಸ್ಥಳದಲ್ಲಿ ಕಳೆಯಿರಿ. ಬುತ್ತಿಯನ್ನೂ ಹೊದೆಯಲು ಒಂದು ಶಲ್ಯವನ್ನೂ ಒಯ್ಯಿರಿ. ಶ್ರುತಿ ಕೂಡುವವರೆಗೆ ತಾಳ್ಮೆಯಿಂದ ಕೂಡ್ರಿರಿ. ರಾಗದ ನಡುವೆ ಏಳಬೇಡಿರಿ. ಕೈಯಲ್ಲಿಯ ದೂರವಾಣಿಯನ್ನು ಎತ್ತಿಹಿಡಿದು ಹಿಂದಿನವರ ಕಣ್ಣಿಗೆ ಅಡ್ಡವಾಗಬೇಡಿರಿ. ಮಕ್ಕಳು ನಿದ್ದೆಹೋದರೆ ಎಬ್ಬಿಸಬೇಡಿರಿ. ಅವರು ಪ್ರಶ್ನೆ ಕೇಳಿದರೆ ಮಾತ್ರ, ಅಲ್ಲಿಯೇ, ಅಂದೇ ನಿಜವಾದ ಉತ್ತರವನ್ನು ಕೊಡಿರಿ.